ಗುಲಾಬಿ ಡ್ರ್ಯಾಗನ್ ತಪ್ಪಂತೆ!

ಮಾಸ್ತರರು ತಪ್ಪು ಮಾಡಿದರು. ಎರಡನೇ ತರಗತಿಯ ಹುಡುಗಿಯೊಬ್ಬಳು ಡ್ರ್ಯಾಗನ್‌ಗೆ ಗುಲಾಬಿ ಬಣ್ಣ ಹಚ್ಚಿದ್ದಕ್ಕೆ ಹಾಳೆಯ ತುಂಬ ಕೆಂಪು ಗೀಟು ಎಳೆದರು. ಇಂಥವು ಕುಷ್ಟಗಿಯ ನಮ್ಮ ಓಣಿಯಲ್ಲಿ ಆಗುತ್ತಲೇ ಇರುತ್ತವೆ, ನಾನು ಜಗಳ ಆಡುತ್ತಲೇ ಇರುತ್ತೇನೆ.

ಭಾನುವಾರ ನನ್ನ ಸೈಕಲ್ ರಿಪೇರಿ ಅಂಗಡಿಯ ಮುಂದೆ ಚಾಪೆ ಹಾಸಿ ಮಕ್ಕಳನ್ನು ಬಣ್ಣ ಹಚ್ಚಲು ಕೂಡಿಸುತ್ತೇನೆ. ಎಲ್ಲರಿಗಿಂತ ಮೊದಲು ಬರುವವಳು ಈ ಹುಡುಗಿ. ಆ ವಾರವೂ ಬಂದಳು, ಕೂತಳು, ಬಣ್ಣ ಮುಟ್ಟಲಿಲ್ಲ. ಕೆಂಪು ಗೀಟಿನ ಆ ಹಾಳೆ ಮುಂದಿಟ್ಟು, "ಕಾಕಾ, ಇದರ ಖರೇ ಬಣ್ಣ ಯಾವುದು?" ಎಂದಳು. ಏಳು ವರ್ಷದ ಕೂಸು ಹೆದರಿ ಕೈ ಕಟ್ಟಿ ಕೂತಿದ್ದು ನೋಡಿ ನನಗೆ ಸಿಟ್ಟು ನೆತ್ತಿಗೇರಿತು.

ಕಂಡವರು ಯಾರು?

ಮರುದಿನ ಹಾಳೆ ಹಿಡಿದು ಸಾಲೆಗೆ ಹೋದೆ.

"ಡ್ರ್ಯಾಗನ್ ಹಸಿರು ಇರತೈತ್ರಿ," ಎಂದರು ಮಾಸ್ತರರು.

"ನೀವೆಲ್ಲಿ ನೋಡಿದ್ರಿ ಸರ್?"

"ಪುಸ್ತಕದಾಗ."

"ಪುಸ್ತಕ ಬರದವರು ಎಲ್ಲಿ ನೋಡಿದ್ರಂತ?"

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಅವರು ಫಾರಿನ್‌ನಾಗ ನೋಡಿರಬೇಕ್ರಿ."

ಇಳಕಲ್ ಬಾಲ

ಮುಂದಿನ ಭಾನುವಾರ ಹುಡುಗಿಯ ಜೊತೆ ತಾಯಿಯೂ ಬಂದರು. ಮತ್ಸ್ಯಕನ್ಯೆಯ ಚಿತ್ರ ಕೊಟ್ಟೆ. ಹುಡುಗಿ ನೇರಳೆ ಬಣ್ಣದತ್ತ ಅಳುಕುತ್ತ ಕೈ ಚಾಚಿದಳು. ಅಷ್ಟರಲ್ಲಿ ತಾಯಿ ಹಾಳೆಯನ್ನೇ ತಮ್ಮ ಕಡೆ ಎಳೆದುಕೊಂಡರು. ಬಾಲಕ್ಕೆ ಕಪ್ಪು ಒಡಲು, ಹಳದಿ ಅಂಚು, ತುದಿಗೆ ಕೆಂಪು ಸೆರಗು. ಅರ್ಧ ತಾಸು ತಲೆ ಎತ್ತಲಿಲ್ಲ.

"ಯವ್ವಾ, ಮೀನ ಸೀರಿ ಉಡಂಗಿಲ್ಲ," ಎಂದಳು ಮಗಳು.

"ಉಟ್ಟರ ಇಳಕಲ್ ಸೀರೀನ ಉಡಬೇಕು. ಸೆರಗು ಕೆಂಪ ಇರಬೇಕು."

"ಅಕ್ಕಾರ, ಬಣ್ಣ ಮಗಳ ಕೈಯಾಗ ಕೊಡ್ರಿ!" ಎಂದು ನಾನು ಗದರಿದೆ.

"ತಡೀರಿ ಅಣ್ಣಾರ, ಇನ್ನಾ ಕುಬಸ ಉಳದೈತಿ!"

ಹದಿನಾಲ್ಕು ಹಲ್ಲು

ತಾಯಿಗೆ ಬರಬೇಡಿ ಎಂದೆ. ಅಜ್ಜನನ್ನು ಕಳಿಸಿದರು. ದನದ ಸಂತೆಯಲ್ಲೇ ಕೂದಲು ಬೆಳ್ಳಗಾದ ಮನುಷ್ಯ. ಮೊಮ್ಮಗಳ ಮುಂದಿದ್ದ ಒಂಟಿ ಕೊಂಬಿನ ಕುದುರೆಯನ್ನು ದಿಟ್ಟಿಸಿದರು.

"ಬಾಯಿ ಮುಚ್ಚೇತಲ್ಲ! ಹಲ್ಲು ನೋಡದ ವಯಸ್ಸು ಹೆಂಗ ಹೇಳೂದು?"

ಹುಡುಗಿ ಕುದುರೆಯ ಮುಚ್ಚಿದ ಬಾಯಿ ಅಳಿಸಿ, ದೊಡ್ಡದಾಗಿ ತೆರೆದ ಬಾಯಿ ಬರೆದಳು, ಹಲ್ಲು ಬಿಡಿಸಿದಳು. "ಅಜ್ಜಾ, ಹಲ್ಲಿಗೆ ಯಾವ ಬಣ್ಣ?"

"ಕುದರಿ ನಿಂದು. ನನ್ನ ಯಾಕ ಕೇಳ್ತಿ?"

ಅವಳು ನೀಲಿ ಹಚ್ಚಿದಳು. ಅಜ್ಜ ಬೆರಳಿಟ್ಟು ಎಣಿಸಿದರು. "ಕೆಳಗ ಹದಿನಾಕು! ಎತ್ತಿಗೆ ಎಂಟಾದ್ರ ಬಾಯಿ ಗೂಡತೈತಿ, ವಯಸ್ಸು ತುಂಬಿತಂತ ಲೆಕ್ಕ. ಇದು ನಮ್ಮಪ್ಪಗಿಂತ ಹಿರೇದು. ಕಾಲಿಗೆ ಬೀಳವ್ವ!"

ಮರದ ಮೇಲಿನ ಆನೆ

ಓಣಿಯಲ್ಲಿ ಹುಡುಗಿಯ ಕೈ ಓಡತೊಡಗಿತು, ಸಾಲೆಯಲ್ಲಿ ಮಾತ್ರ ಹೆದರಿಕೆ ಹಾಗೇ ಇತ್ತು. ಮತ್ತೆ ಹೋಗಿ ಮುಖ್ಯೋಪಾಧ್ಯಾಯಿನಿಯವರ ಮುಂದೆ ಕೂತೆ. ಅವರು ಒಪ್ಪುವ ತನಕ ಏಳಲಿಲ್ಲ. ಬೇಡಿಕೆ ಇಷ್ಟೇ: ಶನಿವಾರ ಮಾಸ್ತರರು ಬಣ್ಣ ಹಚ್ಚಬೇಕು, ಮಕ್ಕಳು ಪರೀಕ್ಷೆ ಮಾಡಬೇಕು.

ಮಾಸ್ತರರಿಗೆ ಸಿಕ್ಕಿದ್ದು ಮರದ ತುದಿಯಲ್ಲಿ ಕೂತ ರೆಕ್ಕೆಯ ಆನೆ. ಆನೆಗೆ ಬೂದು, ಎಲೆಗೆ ಹಸಿರು, ಆಕಾಶಕ್ಕೆ ನೀಲಿ ಹಚ್ಚಿದರು. ರೆಕ್ಕೆ ಖಾಲಿ ಬಿಟ್ಟರು.

ಹುಡುಗಿ ಎದ್ದು ನಿಂತಳು. "ಸರ್, ರೆಕ್ಕಿಗೆ ಯಾಕ ಹಚ್ಚಿಲ್ರಿ?"

"ಆನಿಗೆ ರೆಕ್ಕಿ ಇರಂಗಿಲ್ಲವ್ವ."

"ಹಂಗಾರ ಗಿಡದ ಮ್ಯಾಲ ಹೆಂಗ ಹತ್ತೇತ್ರಿ?"

ಇಡೀ ತರಗತಿ ಮಾಸ್ತರರ ಮುಖ ನೋಡಿತು. "ನಿಚ್ಚಣಿಕಿ ಹಚ್ಚಿ ಹತ್ತಿರಬೇಕು," ಎಂದರು ಅವರು.

"ಹಂಗಾರ ನಿಚ್ಚಣಿಕಿ ಬಿಡಸ್ರಿ ಸರ್."

ಮಾಸ್ತರರು ಬಗ್ಗಿ, ಆನೆಯ ಭಾರ ತಾಳುವಂಥ ಏಣಿ ಬಿಡಿಸತೊಡಗಿದರು. ಅವರು ಮೂರನೇ ಮೆಟ್ಟಿಲಿನಲ್ಲಿದ್ದಾಗಲೇ ಹುಡುಗಿ ಯಾರನ್ನೂ ಕೇಳದೆ ಎರಡೂ ರೆಕ್ಕೆಗೆ ಕಿತ್ತಳೆ ತುಂಬಿದ್ದಳು. "ಬಿಡ್ರಿ ಸರ್, ಈಗ ಅದು ಹಾರತೈತಿ."

ಓದುಗರೇ, ಇವತ್ತೇ ನಿಮ್ಮ ಮನೆಯ ಮಗುವಿನ ಮುಂದೆ ಬಣ್ಣದ ಡಬ್ಬಿ ಇಡಿ. ಯಾವ ಬಣ್ಣ ಎಂದು ಹೇಳಬೇಡಿ. ನಿಮ್ಮ ಕೈ ಸುಮ್ಮನಿರದಿದ್ದರೆ ನಿಮ್ಮದೇ ಬೇರೆ ಹಾಳೆ ತಗೊಂಡು ಪಕ್ಕದಲ್ಲಿ ಕೂತುಕೊಳ್ಳಿ.