ಹೊಳೆಯಬಾರದ ರೋಡ್ ರೋಲರು

ಬೆಳಿಗ್ಗೆ ಏಳೂವರೆಗೆ ಅಲ್ಪವಿರಾಮ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯ ಬಾಗಿಲು ತೆರೆದು ನೋಡಿದರೆ, ಮೇಜಿನ ಮೇಲಿದ್ದ ರೋಡ್ ರೋಲರು ಎಣ್ಣೆ ಹಚ್ಚಿದ ಬೋಳುತಲೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಒಂದೂವರೆ ಗಂಟೆ ಹಿಂದೆಯಷ್ಟೇ, ಹೊಳಪನ್ನು ಕೊಲ್ಲಲೆಂದೇ ತಂದಿದ್ದ ಮ್ಯಾಟ್ ವಾರ್ನಿಷನ್ನು ಅದರ ಮೈತುಂಬ ಬಳಿದು ಬಂದಿದ್ದ.

ಅಲ್ಪವಿರಾಮ ಅವನ ಹೆಸರಲ್ಲ. ಕಸುಬು ಮುದ್ರಣಾಲಯದಲ್ಲಿ ಕರಡು ತಿದ್ದುವುದು, ಹುಚ್ಚು ಪುಟಾಣಿ ಗಾಡಿಗಳ ಮಾದರಿ ಮಾಡುವುದು. ಹಗಲು ಕರಡಿನ ಮೇಲೆ, ಸಂಜೆ ಗಾಡಿಗಳ ಮೇಲೆ ಬಗ್ಗಿ ಬಗ್ಗಿ ಬೆನ್ನು ಆ ಚಿಹ್ನೆಯ ಆಕಾರಕ್ಕೇ ಬಂದಿದ್ದರಿಂದ ಬೀದಿಯವರು ಕೊಟ್ಟ ಬಿರುದು ಅದು. ಪೂರ್ಣವಿರಾಮ ಅನ್ನಲಿಲ್ಲವಲ್ಲ, ಅಷ್ಟು ಪುಣ್ಯ ಎಂದು ಹೆಂಡತಿ ಸಮಾಧಾನಪಟ್ಟುಕೊಂಡಿದ್ದಳು.

ಆ ದಿನ ಸಂಜೆ ಐದಕ್ಕೆ ಅವನ ಅಣ್ಣನ ಬೀಳ್ಕೊಡುಗೆ. ಅಣ್ಣ ಮೂವತ್ತೊಂದು ವರ್ಷ ರಸ್ತೆ ಇಲಾಖೆಯ ರೋಡ್ ರೋಲರು ಓಡಿಸಿದವನು. ಅಣ್ಣ ತಮ್ಮ ಮಾತು ಬಿಟ್ಟು ಎಂಟು ವರ್ಷ. ತಂಗಿಯ ಮದುವೆಯ ದಿನ, ನಾಲ್ಕು ಜನ ನಕ್ಕರೆ ನಾಲ್ಕು ಪಟ್ಟು ಉಬ್ಬುವ ಅಲ್ಪವಿರಾಮ, ಅಣ್ಣ ಊಟದ ಸಾಲಿಗೆ ಬರುವ ಬಗೆಯನ್ನು ಅಣಕಿಸಿ ತೋರಿಸಿದ್ದ. ಕೆನ್ನೆ ಉಬ್ಬಿಸಿ ಡುಗುಡುಗು ಸದ್ದು ಮಾಡುತ್ತ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ನಡುವೆ ಸಿಕ್ಕಿದ ಎಲೆಯೊಂದನ್ನು ಚಪ್ಪಟೆ ಮಾಡಿದಂತೆ ನಟನೆ. ಗಂಡಿನ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ಬಾಗಿಲಲ್ಲೇ ನಿಂತು ಪೂರ್ತಿ ನೋಡಿದ. ಊಟ ಮಾಡದೆ ಹೊರಟುಹೋದ.

ಅವತ್ತೇ ಹಿಂದೆ ಓಡಿ ಕೈ ಹಿಡಿದುಕೊಂಡಿದ್ದರೆ ಮುಗಿಯುತ್ತಿತ್ತು. ನಾಳೆ ನೋಡೋಣ ಅಂದುಕೊಂಡ; ಆ ನಾಳೆ ಎಂಟು ವರ್ಷ ಬೆಳೆಯಿತು. ಊರವರ ದನಿಯನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡಿದ್ದವನಿಗೆ, ತಪ್ಪಾಯಿತು ಎನ್ನಲು ತನ್ನದೊಂದು ದನಿ ಸಿಗಲಿಲ್ಲ. ಕೊನೆಗೆ ಅತ್ತಿಗೆಯೇ ಅವನ ಹೆಂಡತಿಗೆ ಫೋನು ಮಾಡಿ, ಇಂಥ ದಿನ ಬೀಳ್ಕೊಡುಗೆ ಇದೆ, ಬರುವುದಾದರೆ ಬರಲಿ, ನಾನು ಹೇಳಿದೆ ಅಂತ ಮಾತ್ರ ಹೇಳಬೇಡ ಅಂದಿದ್ದಳು. ಬಾಯಲ್ಲಿ ಆಗದ್ದನ್ನು ಕೈಯಲ್ಲಿ ಹೇಳೋಣವೆಂದು ಅಲ್ಪವಿರಾಮ ನಾಲ್ಕು ತಿಂಗಳು ಕೂತು ಅಣ್ಣನ ರೋಲರನ್ನು ಗೇಣುದ್ದಕ್ಕೆ ಇಳಿಸಿದ್ದ. ಹಿಂದೊಮ್ಮೆ ಮುದ್ರಣಾಲಯದ ಎದುರಿನ ರಸ್ತೆ ರಿಪೇರಿಗೆ ಬಂದು ಮೂರು ದಿನ ನಿಂತಿದ್ದ ಗಾಡಿಯ ಫೋಟೋವನ್ನು ಕಿಟಕಿಯಿಂದ ಕದ್ದು ತೆಗೆದಿದ್ದನಲ್ಲ, ಅದೇ ಆಧಾರ. ಹಳದಿ ಮೈ, ಹಸಿರು ಚಾವಣಿ, ಮೇಲೆಲ್ಲ ಧೂಳಿನ ಮಂಕು. ಸೀಟಿನಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಫೋಟೋ ತೆಗೆಯುವ ಧೈರ್ಯವೂ ಬರುತ್ತಿರಲಿಲ್ಲ. ನಂಬರ್ ಪ್ಲೇಟು ಫೋಟೋದಲ್ಲಿ ಬಿದ್ದಿರಲಿಲ್ಲ. ಮಾತೇ ಆಡದ ಅಣ್ಣನ ಗಾಡಿ ನಂಬರನ್ನು ಯಾರ ಹತ್ತಿರ ಕೇಳುವುದು? ಅದನ್ನು ಖಾಲಿ ಬಿಟ್ಟ.

ಆ ಮಂಕು ಈಗ ಬರುತ್ತಿಲ್ಲ. ದೊಡ್ಡದು ಹೊಳೆದರೆ ಅಂದ, ಚಿಕ್ಕದು ಹೊಳೆದರೆ ಆಟಿಕೆ ಎಂಬುದು ಮಾದರಿ ಮಾಡುವವರ ಮೊದಲ ಪಾಠ. ಎಂಟು ವರ್ಷದ ಮೇಲೆ ಆಟಿಕೆ ಹಿಡಿದು ಹೋದರೆ ಅಣ್ಣ ಮತ್ತೊಂದು ಅಣಕ ಅಂದುಕೊಳ್ಳುತ್ತಾನೆ. ಹೊಳೆಯಬಾರದ್ದು ಹೊಳೆಯುತ್ತಿತ್ತು, ಯಾಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಕಾಫಿ ಲೋಟ ಹಿಡಿದು ಬಂದ ಹೆಂಡತಿ ಬಾಟಲಿ ಎತ್ತಿ ನೋಡಿದಳು. "ರೀ, ತಳದಲ್ಲಿ ಬೆಳ್ಳಗೆ ಗಸಿ ಕೂತಿದೆಯಲ್ಲ. 'ಬಳಸುವ ಮುನ್ನ ಚೆನ್ನಾಗಿ ಕಲಕಿ' ಅಂತ ಬರೆದಿದ್ದಾರೆ, ಓದ್ಲಿಲ್ವಾ?"

"ಓದಿದೆ. 'ಮುನ್ನ'ಕ್ಕೆ ನಾ ಒತ್ತಿನ ಬದಲು ಣಾ ಒತ್ತು ಹಾಕಿದ್ದಾರೆ."

ಕರಡು ತಿದ್ದುವವರ ರೋಗವೇ ಅದು. ಚೀಟಿಯಲ್ಲಿ ಎರಡು ತಪ್ಪು ಹಿಡಿದಿದ್ದ, ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಹೊಳಪು ಕಳೆಯುವ ಪುಡಿಯೆಲ್ಲ ತಳದಲ್ಲಿ ಮಲಗಿತ್ತು. ಮೇಲಿನ ತಿಳಿಯನ್ನಷ್ಟೇ ಅವನು ಬಳಿದಿದ್ದ.

ಮುದ್ರಣಾಲಯಕ್ಕೆ ರಜೆ ಹೇಳಿ, ಈ ಸಲ ಮಜ್ಜಿಗೆ ಕಡೆದ ಹಾಗೆ ಕಡೆದ. ತಿಳಿಯೆಲ್ಲ ಮೊದಲೇ ಖರ್ಚಾಗಿದ್ದರಿಂದ ಉಳಿದದ್ದು ಬರೀ ಗಸಿ. ಅದನ್ನೇ ದಪ್ಪಗೆ ಬಳಿದ. ಹೊರಗೆ ಮೋಡ ಮುಸುಕಿ ಗಾಳಿ ತೇವವಾಗಿತ್ತು. ಹತ್ತೂವರೆಗೆ ನೋಡಿದರೆ ರೋಲರು ಹಿಟ್ಟಿನ ಗಿರಣಿಯಲ್ಲಿ ಹೊರಳಾಡಿ ಬಂದಂತೆ ಬಿಳಿಚಿಕೊಂಡಿತ್ತು.

ಅವನ ನಿಟ್ಟುಸಿರು ಗೋಡೆ ದಾಟಿತೇನೋ, ಪಕ್ಕದ ಮನೆಯ ಪೇಂಟರ್ ಮಾಮ ಒಳಗೇ ಬಂದ. ಊರಿನ ಅರ್ಧ ಗೇಟುಗಳಿಗೆ ಬಣ್ಣ ಹೊಡೆದವನು, ಕೇಳದಿದ್ದರೂ ಸಲಹೆ ಕೊಡುವವನು. ರೋಲರನ್ನು ಮೂಸಿ ನೋಡಿ, ತೇವ ಹಿಡಿದುಕೊಂಡಿದೆ, ಮೇಲೊಂದು ಕೈ ಹೊಳಪಿನ ವಾರ್ನಿಷ್ ಎಳೆದರೆ ಬಿಳಿಯನ್ನೆಲ್ಲ ನುಂಗಿಬಿಡುತ್ತದೆ ಎಂದ. ಹೊಳಪೇ ಬೇಡ ಅಂತ ತಾನೇ ಇಷ್ಟೆಲ್ಲ ಎಂದು ಅಲ್ಪವಿರಾಮ ಗೋಗರೆದರೆ, "ಮೊದಲು ಜ್ವರ ಇಳೀಲಿ ಸ್ವಾಮಿ, ಆಮೇಲೆ ನೆಗಡಿ ನೋಡೋಣ" ಎಂದು ಮನೆಯಿಂದ ತನ್ನ ಡಬ್ಬಿ ತಂದು ತಾನೇ ಬ್ರಷ್ ಕೈಗೆತ್ತಿಕೊಂಡ. ಬಿಳಿ ಮಂಗಮಾಯವಾಯಿತು. ರೋಲರು ಮೊದಲಿಗಿಂತ ಎರಡು ಪಟ್ಟು ಹೊಳೆಯಿತು. ಮಾಮ ಅದರಲ್ಲಿ ತನ್ನ ಮೀಸೆ ನೋಡಿಕೊಂಡು, "ಇಷ್ಟು ಚೆನ್ನಾಗಿರೋದನ್ನ ಯಾಕ್ರೀ ಕೆಡಿಸ್ತೀರಾ, ಹೀಗೇ ತಗೊಂಡೋಗಿ" ಎಂದು ಹೊರಟ. ಆ ದಿನವೆಲ್ಲ ಬಂದ ಸಲಹೆಗಳಲ್ಲಿ ಅಲ್ಪವಿರಾಮ ಕಿವಿಗೇ ಹಾಕಿಕೊಳ್ಳದೆ ಬಿಟ್ಟದ್ದು ಅದೊಂದನ್ನು ಮಾತ್ರ.

ಮಧ್ಯಾಹ್ನ ಒಂದು ಗಂಟೆಯಾದರೂ ವಾರ್ನಿಷ್ ಒಣಗುವ ಲಕ್ಷಣವಿರಲಿಲ್ಲ. ಮಹಡಿಯ ಮೇಲೆ ಬ್ಯೂಟಿ ಪಾರ್ಲರ್ ನಡೆಸುವ ಅಕ್ಕನ ಹತ್ತಿರ ಹೆಂಡತಿ ಕೂದಲು ಒಣಗಿಸುವ ಯಂತ್ರ ಕೇಳಿ ತಂದಳು. ಬೆನ್ನ ಹಿಂದೆಯೇ ಪಾರ್ಲರ್ ಅಕ್ಕನೂ, ಅವಳ ಹಿಂದೆ ಅರ್ಧ ತಲೆಗೆ ಬಣ್ಣ ಹಚ್ಚಿಸಿಕೊಂಡಿದ್ದ ಗಿರಾಕಿಯೂ ಇಳಿದು ಬಂದರು. ಅಲ್ಪವಿರಾಮ ಬಿಸಿಗಾಳಿ ಬಿಟ್ಟ. ಅವಸರಕ್ಕೆ ಇನ್ನೊಂದಿಷ್ಟು ಹತ್ತಿರ ಹಿಡಿದ. ಪ್ಲಾಸ್ಟಿಕ್ಕಿನ ಹಸಿರು ಚಾವಣಿ ಮೊದಲು ತಲೆದೂಗಿತು, ಆಮೇಲೆ ತಲೆಬಾಗಿತು, ಕೊನೆಗೆ ಸೀಟಿನ ಮೇಲೆ ತಲೆಯಿಟ್ಟು ಮಲಗಿತು.

"ನಮ್ಮಲ್ಲಿ ಕೂದಲು ನೆಟ್ಟಗಾಗೋದು ಇದರಲ್ಲೇ" ಎಂದಳು ಪಾರ್ಲರ್ ಅಕ್ಕ, ಯಾರನ್ನೂ ದೂರದೆ.

ಹೆಂಡತಿ ತನ್ನ ಹೊಲಿಗೆ ಡಬ್ಬಿಯ ಮುಚ್ಚಳವನ್ನು ತಂದು ಗಂಡನ ಮುಂದಿಟ್ಟಳು. ಅದನ್ನು ಕತ್ತರಿಸಿ, ಅಂಟಿಸಿ, ಹಸಿರು ಬಣ್ಣ ಬಳಿದು ಹೊಸ ಚಾವಣಿ ಏರಿಸುವಷ್ಟರಲ್ಲಿ ಮೂರು ಗಂಟೆ. ಗಾಡಿ ಹೊಳೆಯುತ್ತಲೇ ಇತ್ತು. ಅಲ್ಪವಿರಾಮ ಗೋಡೆಗೊರಗಿ ಕೂತುಬಿಟ್ಟ. ಹೋಗುವುದೇ ಬೇಡ, ಇನ್ನೊಂದು ಸಲ ನೋಡಿದರಾಯಿತು ಎಂದು ಗೊಣಗಿದ.

"ಅವರು ಇನ್ನೊಂದು ಸಲ ರಿಟೈರ್ ಆಗಲ್ಲಾರೀ" ಎಂದಳು ಹೆಂಡತಿ.

ಆಗ ಪಾರ್ಲರ್ ಅಕ್ಕ ಬಾಯಿ ಬಿಟ್ಟಳು. ದಿನಕ್ಕೆ ಹತ್ತು ಜಿಡ್ಡು ಮುಖಗಳ ಹೊಳಪು ಇಳಿಸಿ ಕಳಿಸುವವಳು ತಾನು; ಇದೊಂದು ಗಾಡಿಯ ಮುಖ ಯಾವ ಲೆಕ್ಕ? ಎಲ್ಲರಿಗೂ ಸುಮ್ಮನಿರಲು ಹೇಳಿ, ವಾರ್ನಿಷನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದಳು. ಅಂಟು ಇನ್ನೂ ಚೂರು ಉಳಿದಿತ್ತು. ಮುಖದ ಪೌಡರನ್ನು ಅಗಲ ಬ್ರಷ್ಷಿನಲ್ಲಿ ತೆಗೆದು, ಉಫ್ ಎಂದು ಊದಿ, ಸವರಿಯೂ ಸವರದಂತೆ ಮೇಲಿಂದ ಕೆಳಗೆ ಇಳಿಸಿದಳು. ಕಾಲು ಗಂಟೆ ಬಿಟ್ಟು ಹೆಚ್ಚಿನ ಪುಡಿಯನ್ನು ಕೊಡವಿದಳು. ಅಲ್ಪವಿರಾಮ ಹತ್ತಿರ ಬಗ್ಗಿದ. ಹೊಳಪು ಒಂದು ಕಾಳಷ್ಟೂ ಇಲ್ಲ. ರಸ್ತೆ ಬದಿಯಲ್ಲಿ ಬೇಸಗೆಯೆಲ್ಲ ನಿಂತ ಗಾಡಿಯ ಒಣ, ಮಾಗಿದ ಮಂಕು. ಫೋಟೋ ಪಕ್ಕಕ್ಕಿಟ್ಟು ತಾಳೆ ನೋಡಿದ; ತಿದ್ದಲು ಒಂದು ಚುಕ್ಕೆಯೂ ಇರಲಿಲ್ಲ. ಗುಲಾಬಿಯ ಘಮ ಹೊಡೆಯುತ್ತಿತ್ತು ಅನ್ನುವುದೊಂದು ಬಿಟ್ಟರೆ. ಇಷ್ಟು ವರ್ಷ ಪುಸ್ತಕ ಓದಿ ಕಲಿಯದ್ದನ್ನು ಈ ಮಂಕುಬೂದಿ ಕಲಿಸಿತಲ್ಲ ಎಂದು ಅವನ ಕಣ್ಣು ಒದ್ದೆಯಾಯಿತು.

ಬೀಳ್ಕೊಡುಗೆ ಇಲಾಖೆಯ ಶೆಡ್ಡಿನ ಅಂಗಳದಲ್ಲಿ. ನಲವತ್ತು ಕುರ್ಚಿ, ಒಂದು ಮೈಕು, ಭಾಷಣದ ಮೇಲೆ ಭಾಷಣ. ಶೆಡ್ಡಿನೊಳಗೆ ಒಂದೇ ಮಾದರಿಯ ಎರಡು ಹಳದಿ ರೋಲರುಗಳು ಅಕ್ಕಪಕ್ಕ ನಿಂತಿದ್ದವು. ಒಂದು ಸಂಜೆ ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಮೊನ್ನೆ ಮೊನ್ನೆ ತರಿಸಿದ್ದಿರಬೇಕು. ಇನ್ನೊಂದು ಮಂಕಾಗಿ, ಮಾಸಿ, ತದ್ವತ್ತು ಅವನ ಕೈಯ ಪೆಟ್ಟಿಗೆಯಲ್ಲಿದ್ದುದರ ಹಾಗೆ. ಅಲ್ಪವಿರಾಮ ಎರಡನ್ನೂ ತಾಳೆ ನೋಡಿ ಹೆಂಡತಿಯ ಕಡೆ ಹುಬ್ಬು ಹಾರಿಸಿದ.

ಅಣ್ಣ ಕೂದಲು ಪೂರ್ತಿ ನರೆತು, ಸ್ವಲ್ಪ ಸಣ್ಣಗಾಗಿ ಕೂತಿದ್ದ. ತಮ್ಮ ಎದುರು ನಿಂತಾಗ ಎದ್ದೇಳಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಅಲ್ಪವಿರಾಮನಿಗೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತು ಮರೆತುಹೋಯಿತು. ಪೆಟ್ಟಿಗೆಯನ್ನು ನೀಡಿದ. ಅಣ್ಣ ಕನ್ನಡಕ ಹಾಕಿಕೊಂಡು, ರೋಲರನ್ನು ಅಂಗೈ ಮೇಲಿಟ್ಟು, ಮಗುವಿನ ಜ್ವರ ನೋಡುವವನಂತೆ ಅದರ ಮೈ ಮುಟ್ಟಿದ. ಸುತ್ತ ಜನ ಸೇರಿದರು. ಬಹಳ ಹೊತ್ತಾದ ಮೇಲೆ ಅಣ್ಣನ ಮುಖದಲ್ಲಿ ನಗು ಮೂಡಿತು. ಅಲ್ಪವಿರಾಮನ ಬೆನ್ನು ಎಂಟು ವರ್ಷದಲ್ಲಿ ಮೊದಲ ಸಲ ನೆಟ್ಟಗಾಯಿತು.

"ಲೋ ಕುಂಭಕರ್ಣ, ಬಾರೋ ಇಲ್ಲಿ" ಎಂದು ಅಣ್ಣ ಜನರ ನಡುವಿನಿಂದ ಯಾರನ್ನೋ ಕರೆದ. ಇಲಾಖೆಯ ಇನ್ನೊಬ್ಬ ರೋಲರ್ ಡ್ರೈವರು, ತೂಕಡಿಸುತ್ತಿದ್ದವನು, ಎದ್ದು ಬಂದ. "ನೋಡು, ನಿನ್ನ ಗಾಡಿ. ಧೂಳಿನ ಸಮೇತ ಮಾಡ್ಕೊಂಡು ಬಂದವ್ನೆ."

ಕುಂಭಕರ್ಣ ಎರಡೂ ಕೈಯಲ್ಲಿ ಇಸಿದುಕೊಂಡ. ಅದನ್ನು ನೋಡಿ, ಶೆಡ್ಡಿನ ಮಾಸಲು ರೋಲರನ್ನು ನೋಡಿ, ಮತ್ತೆ ಇದನ್ನು ನೋಡಿದ. ಇಪ್ಪತ್ತು ವರ್ಷದಲ್ಲಿ ತನ್ನ ಗಾಡಿಯನ್ನು ಕಣ್ಣೆತ್ತಿ ನೋಡಿದವರೇ ಇಲ್ಲ, ತೊಳೆಯಲ್ಲ ಅಂತ ಬೈದವರೇ ಎಲ್ಲ ಎಂದು ಅವನು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಜನ ಚಪ್ಪಾಳೆ ತಟ್ಟಿದರು.

ಅಣ್ಣ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. "ನಂದು ಆ ಕಡೇದು" ಎಂದು ಹೊಳೆಯುತ್ತಿದ್ದ ಗಾಡಿಯ ಕಡೆ ಗದ್ದ ಎತ್ತಿ ತೋರಿಸಿದ. "ದಿನಾ ಸಂಜೆ ಡೀಸೆಲ್ ಬಟ್ಟೇಲಿ ಒರೆಸಿಯೇ ಮನೆಗೆ ಹೋಗ್ತಿದ್ದೆ. ಅದರ ಮುಂದೆ ನಿಂತು ಜನ ತಲೆ ಬಾಚ್ಕೊಳ್ಳೋರು." ಆಮೇಲೆ ತಮ್ಮನ ಮುಖ ನೋಡಿದ. "ನೀನು ನೋಡಿಲ್ಲ, ಬಿಡು."

ಎಂಟು ವರ್ಷದ ಮೇಲೆ ಅಣ್ಣ ನೇರವಾಗಿ ಆಡಿದ ಮಾತು ಅಷ್ಟೇ. ಬೆಳಿಗ್ಗೆ ಹೊಳೀತಿತ್ತಣ್ಣಾ, ಮಧ್ಯಾಹ್ನವೂ ಹೊಳೀತಿತ್ತು, ನಾನೇ ಕೂತು ಕೊಂದೆ ಎನ್ನಲು ಅಲ್ಪವಿರಾಮ ಬಾಯಿ ತೆರೆದ. ಯಾರು ನಂಬುತ್ತಾರೆ? ಅಷ್ಟರಲ್ಲಿ ಮೈಕಿನವರು ಅಣ್ಣನನ್ನು ಕರೆದರು. ಅವನು ಎದ್ದು, ತಮ್ಮನ ಪಕ್ಕದಿಂದ ಸುತ್ತಿ ನಡೆದುಹೋದ.

ಗೇಟಿನ ಹತ್ತಿರ ಕುಂಭಕರ್ಣ ಹಿಂದಿನಿಂದ ಓಡಿಬಂದು ಅಲ್ಪವಿರಾಮನ ಕೈ ಹಿಡಿದುಕೊಂಡ. ಗುಲಾಬಿ ಪರಿಮಳದ ರೋಲರು ಅವನ ಎದೆಗೆ ಅವುಚಿಕೊಂಡಿತ್ತು.

"ಸಾರ್, ತಪ್ಪು ತಿಳ್ಕೋಬೇಡಿ" ಎಂದು ದನಿ ತಗ್ಗಿಸಿ ಹೇಳಿದ. "ಟೈಮ್ ಸಿಕ್ಕಿದಾಗ ನಿಮ್ಮಣ್ಣನಿಗೂ ಒಂದು ಮಾಡ್ಕೊಡಿ. ಬಾಯಿಬಿಟ್ಟು ಹೇಳಲ್ಲ, ಆದ್ರೆ ಪಾಪ, ಆಸೆ ಇದ್ದೇ ಇರುತ್ತೆ."