ಮಾವನನ್ನು ಕೊಂದ ವರ್ಷ

ಪತ್ತೇದಾರಿ ಕಾದಂಬರಿ ಬರೆಯುವವನ ಮನೆಯಲ್ಲಿ ಕೊಲೆಯೊಂದನ್ನು ಬಿಟ್ಟು ಬೇರೆಲ್ಲ ನಡೆಯುತ್ತದೆ. ಇದು ಅನುಭವದ ಮಾತು.

ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾನು ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಬಿಕರ್ನಕಟ್ಟೆಯಲ್ಲಿ ಮನೆ. ಮನೆಯಲ್ಲಿ ಅಮ್ಮ, ನನ್ನ ಹೆಂಡತಿ, ಮತ್ತು ನಮಗೆಲ್ಲ ಯಜಮಾನರಾಗಿ ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ. ಹಂಪನಕಟ್ಟೆಯ ಹತ್ತಿರ ಪ್ರೆಸ್ಸು ಇಟ್ಟುಕೊಂಡಿದ್ದ ಒಬ್ಬರು ಒಂದು ಮಾಸಪತ್ರಿಕೆ ಹೊರಡಿಸುತ್ತಿದ್ದರು. ಅವರು ನನ್ನನ್ನು ಕರೆದು, "ಹನ್ನೆರಡು ತಿಂಗಳು, ಹನ್ನೆರಡು ಕಂತು. ಕಥೆ ಸರಿಯಾಗಿ ಮುಗಿದರೆ ಪುಸ್ತಕ ಮಾಡುವ" ಅಂದರು. ನನ್ನ ಹೆಸರಿನದ್ದೊಂದು ಪುಸ್ತಕ! ಆ ದಿನ ನಾನು ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ನೆನಪಿಲ್ಲ.

ಮಾವನಿಗೆ ಮಾತ್ರ ಈ ಕಥೆ ಗಿಥೆ ಎಲ್ಲ ಅಷ್ಟಕ್ಕಷ್ಟೆ. "ಬರೆ, ಬೇಡ ಅನ್ನುವುದಿಲ್ಲ. ಆದರೆ ನಿನ್ನ ಕಥೆಯ ದೆಸೆಯಿಂದ ಈ ಮನೆಯ ಮೆಟ್ಟಿಲಿಗೆ ಒಂದೇ ಒಂದು ದೂರು ಬಂತೋ, ಅಲ್ಲಿಗೆ ಮುಗಿಯಿತು. ನಿನ್ನ ಶಾಯಿಯ ದೌತಿ ನನ್ನ ಪೆಟ್ಟಿಗೆಗೆ" ಅಂದರು. ಮಾವ ಒಮ್ಮೆ ಅಂದರೆ ಅಂದ ಹಾಗೆಯೇ. (ನಮ್ಮದೆಲ್ಲ ತುಳು ಮಾತು. ನಿಮಗಾಗಿ ಕನ್ನಡ ಮಾಡಿದ್ದೇನೆ.)

ಕೊಲೆಗಾರ ಬದಲಾದದ್ದು

ಕಾರ್ಖಾನೆಯ ಮೇಲಧಿಕಾರಿಯೊಬ್ಬರಿಂದ ರಟ್ಟು ಹರಿದ ಮೂರು ಇಂಗ್ಲಿಷ್ ಪತ್ತೇದಾರಿ ಪುಸ್ತಕ ತಂದು ಓದಿದ್ದೆ. ನನ್ನ ವಿದ್ಯಾಭ್ಯಾಸ ಅಷ್ಟೇ. ಆ ಮೂರರಲ್ಲೂ ಶ್ರೀಮಂತ ಮುದುಕನೊಬ್ಬ ಸಾಯುತ್ತಾನೆ, ಆಸ್ತಿಗಾಗಿ ಮಗನೇ ಕೊಂದಿರುತ್ತಾನೆ. ನಾನೂ ಹಾಗೆಯೇ ಮಾಡಿದೆ. ಮೊದಲ ಕಂತು ಪ್ರೆಸ್ಸಿಗೆ ಹೋಗುವ ಮೊದಲು ಅಮ್ಮನಿಗೂ ಹೆಂಡತಿಗೂ ಕಥೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದರು.

"ಮಗ ಯಾಕೆ ಕೊಲ್ಲುವುದು?" ಅಂದರು ಅಮ್ಮ.

"ಅಪ್ಪನ ಆಸ್ತಿ ಸಿಗ್ತದಲ್ಲ."

ಅಮ್ಮ ಅಕ್ಕಿಯಿಂದ ತಲೆ ಎತ್ತಿದರು. "ಅಪ್ಪನ ಆಸ್ತಿ ಮಗನಿಗೆ ಎಲ್ಲಿಂದ ಸಿಗ್ತದೆ ಮಾರಾಯ?"

ಹೌದಲ್ಲ! ನಮ್ಮದು ಅಳಿಯಕಟ್ಟಿನ ಮನೆ. ಯಜಮಾನ ತೀರಿಕೊಂಡರೆ ಯಜಮಾನಿಕೆ ಬರುವುದು ಅವನ ತಂಗಿಯ ಮಗನಿಗೆ, ಅಂದರೆ ಅಳಿಯನಿಗೆ. ಸ್ವಂತ ಮಗ ಅಪ್ಪನನ್ನು ಕೊಂದರೆ ಸಿಗುವುದು ಜೈಲು ಮಾತ್ರ. ಇಂಗ್ಲಿಷಿನವರ ಕೊಲೆಯನ್ನು ಹಾಗೇ ಎತ್ತಿ ತಂದು ಬಿಕರ್ನಕಟ್ಟೆಯಲ್ಲಿ ಇಳಿಸಿದ್ದೆ!

"ಏನೂ ಸಿಗದೆ ಸುಮ್ಮನೆ ಕೊಲ್ಲಲು ಅವನಿಗೆಂತ ಮರುಳಾ?" ಅಂದಳು ಹೆಂಡತಿ. ಸ್ವಲ್ಪ ಯೋಚಿಸಿ, "ಅಳಿಯ ಕೊಂದರೆ ಸರಿಯಾಗ್ತದೆ ನೋಡಿ" ಎಂದು ದಾರಿಯನ್ನೂ ತೋರಿಸಿದಳು.

ಮೂವರೂ ಒಮ್ಮೆಗೇ ಚಾವಡಿಯ ಕಡೆ ನೋಡಿದೆವು. ಅಲ್ಲಿ ಮಾವ ಕೂತಿದ್ದರು. ಬಾಯಲ್ಲಿ ವೀಳ್ಯವಿತ್ತು, ಜಗಿಯುವುದು ನಿಂತಿತ್ತು.

ಕೋಟು

ನನ್ನ ಪತ್ತೇದಾರನಿಗೆ ಮೊಣಕಾಲಿನವರೆಗೆ ಬರುವ ಉಣ್ಣೆಯ ಕೋಟು ಹಾಕಿಸಿದ್ದೆ. ಅದೂ ಆ ಪುಸ್ತಕಗಳದ್ದೇ ಉಪಕಾರ. ಎರಡನೇ ಕಂತು ಬಂದ ವಾರದಲ್ಲೇ ಓದುಗರೊಬ್ಬರು ಪ್ರೆಸ್ಸಿಗೆ ಕಾರ್ಡು ಬರೆದರು: "ನಿಮ್ಮ ಪತ್ತೇದಾರ ನಮ್ಮೂರಿನ ಸೆಕೆಯಲ್ಲಿ, ನಡುಮಧ್ಯಾಹ್ನ, ಉಣ್ಣೆ ಕೋಟಿನಲ್ಲಿ ಕದ್ರಿ ಗುಡ್ಡ ಹತ್ತಿದ್ದಾನೆ. ಕೊಲೆಗಾರ ಸಿಗುವ ಮೊದಲು ಇವನೇ ತೀರಿಕೊಂಡರೆ ಮುಂದಿನ ಕಂತು ಹೇಗೆ?"

ಕೋಟು ತೆಗೆಸಲು ನನಗೆ ಮನಸ್ಸು ಬರಲಿಲ್ಲ. ಮೂರನೇ ಕಂತಿನಿಂದ ಅವನು ಅದನ್ನು ಕೈಯ ಮೇಲೆ ಹಾಕಿಕೊಂಡು ತಿರುಗಿದ.

ಫಳ್ನೀರಿನ ಕಂಪೌಂಡರ್

ಕಥೆಯ ಮಾವನಿಗೆ ಮಜ್ಜಿಗೆಯಲ್ಲಿ ವಿಷ ಹಾಕಿಯಾಗಿತ್ತು. ಯಾವ ವಿಷ ಎಂದು ಬರೆಯಬೇಕಲ್ಲ, ಫಳ್ನೀರಿನ ಒಂದು ಔಷಧದ ಅಂಗಡಿಗೆ ಹೋದೆ. ಮೇಜಿನ ಹಿಂದೆ ಕಂಪೌಂಡರ್ ಇದ್ದರು.

"ವಾಸನೆ ಇಲ್ಲದ ವಿಷ ಎಂತ ಉಂಟು?" ಅಂದೆ.

ಅವರು ಮೇಲಿಂದ ಕೆಳಗೆ ನೋಡಿದರು. "ಯಾರಿಗೆ?"

ತಲೆಯಲ್ಲಿ ಕಥೆಯೇ ತುಂಬಿತ್ತು. "ಮಾವನಿಗೆ. ಅರವತ್ತು ದಾಟಿದೆ, ಆದರೆ ಗಟ್ಟಿಮುಟ್ಟು. ಮಜ್ಜಿಗೆಗೆ ಹಾಕಿದರೆ ರುಚಿ ಗೊತ್ತಾಗಬಾರದು, ನೋಡಿ."

ಕಂಪೌಂಡರ್ ಒಳಗೆ ಹೋಗಿ ಕೆಂಪು ಮಿಕ್ಸ್ಚರಿನ ಬಾಟಲಿ ತಂದಿಟ್ಟರು. ನಾನು ಖುಷಿಯಿಂದ, "ಇದು ಹಾಕಿದರೆ ಸಾಯ್ತಾರಾ?" ಅಂದೆ. "ಇದು ಅವರಿಗಲ್ಲ. ನಿಮಗೆ. ದಿನಕ್ಕೆ ಮೂರು ಸಲ, ತಲೆ ತಣ್ಣಗಾಗ್ತದೆ" ಅಂದರು.

ಅವರು ಮಾವನ ಹಳೇ ಪರಿಚಯದವರೆಂದು ನನಗೇನು ಗೊತ್ತು? ದಾರಿಯಲ್ಲಿ ಸಿಕ್ಕಿದ ಮಾವನಿಗೆ ಎಲ್ಲ ಹೇಳಿದ್ದಾರೆ. ದಾರಿಯಲ್ಲಿ ಬಂದದ್ದು ಮೆಟ್ಟಿಲಿಗೆ ಬಂದ ದೂರಲ್ಲ ಎಂದು ವಾದ ಮಾಡಿ ದೌತಿ ಉಳಿಸಿಕೊಂಡೆ. ಆದರೆ ಆ ದಿನ ಊಟಕ್ಕೆ ಕೂತಾಗ ಮಾವ ತಮ್ಮ ಮಜ್ಜಿಗೆಯ ಲೋಟವನ್ನು ನನ್ನ ಕಡೆ ದೂಡಿ, "ಮೊದಲು ನೀನು ಕುಡಿ" ಅಂದರು. ಮರುದಿನವೂ ಅದೇ. ಒಂದು ತಿಂಗಳು ಎರಡೆರಡು ಲೋಟ ಮಜ್ಜಿಗೆ ಕುಡಿದು ನನ್ನ ಅಂಗಿಯ ಗುಂಡಿ ಹಾಕಲು ಆಗದ ಹಾಗಾಯಿತು.

ಹಸಿ ಬಂಗುಡೆ

ನಮ್ಮ ಮನೆಗೆ ಮೀನು ತರುವ ಅಕ್ಕ ಒಬ್ಬಳಿದ್ದಳು. ಓದು ಬಾರದು. ಬುಟ್ಟಿ ಇಳಿಸಿ ಅಂಗಳದಲ್ಲಿ ಕೂತರೆ ನನ್ನ ಹೆಂಡತಿ ಅವಳಿಗೆ ಕಥೆ ಓದಿ ಹೇಳುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಸೀದಾ ಮೆಟ್ಟಿಲ ಹತ್ತಿರ ಬಂದು, "ಎಲ್ಲಿದ್ದಾರೆ ಕಥೆ ಬರೆಯುವವರು?" ಎಂದು ಗಟ್ಟಿಯಾಗಿ ಕರೆದಳು. ಚಾವಡಿಯಲ್ಲಿ ಮಾವ ನೆಟ್ಟಗೆ ಕೂತರು. ನಾನು ಬರೆಯುವುದನ್ನು ಬಿಟ್ಟು ದೌತಿ ಹಿಡಿದೇ ಹೊರಗೆ ಬಂದೆ.

"ಅಲ್ಲ ಅಣ್ಣ, ಕೊಲೆ ಆದದ್ದು ಆಟಿ ತಿಂಗಳಲ್ಲಿ ಅಂತ ಬರೆದಿದ್ದೀರಲ್ಲ. ಆ ದಿನ ಮಧ್ಯಾಹ್ನ ಅಳಿಯ ಸ್ನೇಹಿತನ ಮನೆಯಲ್ಲಿ ಹಸಿ ಬಂಗುಡೆ ಸಾರು ಉಣ್ಣುತ್ತಾ ಇದ್ದನಂತೆ. ಆಟಿಯಲ್ಲಿ ದೋಣಿ ಕಡಲಿಗೆ ಇಳಿಯುವುದುಂಟಾ? ಹಸಿ ಬಂಗುಡೆ ಅವನಿಗೆ ಯಾರು ಕೊಟ್ಟದ್ದು? ಆ ಮಳೆಯಲ್ಲಿ ನಾವೇ ಒಣಮೀನು ತಿಂದು ಕೂತಿರ್ತೇವೆ!"

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ತಪ್ಪು ನನ್ನದೇ. ಬರೆಯುವಾಗ ಬಾಯಲ್ಲಿ ನೀರೂರಿ ತಿಂಗಳು ಮರೆತಿದ್ದೆ. ಆದರೆ ಮಾವನ ಕಣ್ಣು ನನ್ನ ದೌತಿಯ ಮೇಲಿತ್ತು.

"ಅದು ತಪ್ಪಲ್ಲ ಅಕ್ಕ," ಅಂದೆ. "ಅದು ಸುಳಿವು. ಅಳಿಯ ಸುಳ್ಳು ಹೇಳಿದ್ದು. ಮುಂದಿನ ಕಂತಿನಲ್ಲಿ ಪತ್ತೇದಾರ ಅದನ್ನೇ ಹಿಡಿಯುತ್ತಾನೆ."

ಮಾವ ಹಿಂದಕ್ಕೆ ಒರಗಿದರು. ಮುಂದಿನ ಕಂತನ್ನು ಹಾಗೆಯೇ ಬರೆದೆ. ಇಷ್ಟು ಒಳ್ಳೆಯ ಸುಳಿವು ನಿಮಗೆ ಹೇಗೆ ಹೊಳೆಯಿತು ಎಂದು ಪ್ರೆಸ್ಸಿನವರು ಬೆನ್ನು ತಟ್ಟಿದರು. ಅದನ್ನು ಓದಿಸಿ ಕೇಳಿದ ಮೀನಿನ ಅಕ್ಕ ಮಾತ್ರ ಮುಖ ಸಿಂಡರಿಸಿದಳು. "ಹಿಡಿದದ್ದು ನಾನು. ಮತ್ತೆ ಆ ಕೋಟಿನವ ಎಂತಕ್ಕೆ?"

ಕೊನೆಯ ಕಂತು

ಹನ್ನೊಂದು ಕಂತು ಆಗುವಷ್ಟರಲ್ಲಿ ಕೊಲೆಗಾರ ಅಳಿಯನೇ ಎಂಬುದು ಊರಿಗೆಲ್ಲ ಹೆಚ್ಚುಕಡಿಮೆ ಗೊತ್ತಾಗಿತ್ತು. ಕಥೆಯ ಮಾವ ನಮ್ಮ ಮಾವನ ಹಾಗೆ ಕೊಡೆ ಹಿಡಿದು, ನಮ್ಮ ಮಾವನ ಹಾಗೆ ಕೆಮ್ಮುತ್ತಿದ್ದ. ಬೇಕೆಂದು ಮಾಡಿದ್ದಲ್ಲ. ನನಗೆ ಗೊತ್ತಿದ್ದ ಮಾವ ಅವರೊಬ್ಬರೇ. ಒಂದು ದಿನ ಅಮ್ಮ ಕಣ್ಣೊರೆಸಿಕೊಂಡು, "ನನ್ನ ಮಗ ನನ್ನ ಅಣ್ಣನನ್ನು ಕೊಂದದ್ದನ್ನು ಈ ಕಿವಿಯಲ್ಲಿ ಕೇಳಬೇಕಾ?" ಅಂದರು. ನನ್ನನ್ನು ಸಾಕಿ ಓದಿಸಿದವರು ಮಾವ. ಬಾಯಲ್ಲಿ ಒಂದು ಒಳ್ಳೆ ಮಾತಿಲ್ಲದಿದ್ದರೂ ಮನಸ್ಸಿನಲ್ಲಿ ನಾನು ಮಗನಿಗಿಂತ ಹೆಚ್ಚು.

ಹಾಗಾಗಿ ಕೊನೆಯ ಕಂತಿನಲ್ಲಿ ಮಾವನನ್ನು ಬದುಕಿಸಿಬಿಟ್ಟೆ. ಮಾವ ಸತ್ತೇ ಇಲ್ಲ, ಮನೆಯವರ ಪ್ರೀತಿ ಪರೀಕ್ಷೆ ಮಾಡಲು ಅಡಗಿ ಕೂತಿದ್ದರು, ಅಳಿಯ ನಿರಪರಾಧಿ, ಎಲ್ಲರೂ ಕೂತು ಹಬ್ಬದ ಊಟ ಮಾಡಿದರು. ಬರೆದು ಪ್ರೆಸ್ಸಿಗೆ ಕೊಟ್ಟು ನೆಮ್ಮದಿಯಿಂದ ಕಾರ್ಖಾನೆಗೆ ಹೋದೆ.

ಮೂರನೇ ದಿನ ಮಧ್ಯಾಹ್ನ ಪ್ರೆಸ್ಸಿನಿಂದ ಚೀಟಿ ಬಂತು: "ನಿಮ್ಮ ಮಾವನವರು ಬಂದಿದ್ದಾರೆ. ಅಚ್ಚು ನಿಲ್ಲಿಸಿದ್ದಾರೆ. ಕೂಡಲೇ ಬನ್ನಿ."

ಪುಸ್ತಕ ಹೋಯಿತು ಅಂದುಕೊಂಡೆ. ಓಡಿದೆ. ಪ್ರೆಸ್ಸಿನ ಒಳಗೆ ಯಜಮಾನರ ಕುರ್ಚಿಯಲ್ಲಿ ಮಾವ ಕೂತಿದ್ದಾರೆ, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಕೊನೆಯ ಕಂತಿನ ಪ್ರೂಫ್. ಅಚ್ಚಿನ ಮೊಳೆ ಜೋಡಿಸುವವರು ಕೆಲಸ ಬಿಟ್ಟು ಸುತ್ತ ನಿಂತಿದ್ದಾರೆ.

"ಬಾ," ಅಂದರು ಮಾವ. "ಮೂರನೇ ಕಂತಿನಲ್ಲಿ ನನ್ನನ್ನು ಎಂತ ಮಾಡಿದ್ದಿ?"

ಅಲ್ಲಿಯವರೆಗೆ ಕಥೆಯ ಒಂದಕ್ಷರ ಓದಿದವರಲ್ಲ ಎಂದು ನಾನು ನಂಬಿದ್ದ ಮನುಷ್ಯ! "ಸುಟ್ಟಿದ್ದೇನೆ" ಅಂದೆ, ಮೆಲ್ಲಗೆ. ನಿಜವಾಗಿಯೂ ಅದು ಮರೆತೇ ಹೋಗಿತ್ತು.

"ನಾಲ್ಕರಲ್ಲಿ?"

"ಬೊಜ್ಜ, ಉತ್ತರಕ್ರಿಯೆ ಎಲ್ಲ ಮಾಡಿದ್ದೇನೆ."

"ಊರಿಡೀ ಬಂದು ನನ್ನ ಬೊಜ್ಜದ ಊಟ ಉಂಡು, ಕೈ ತೊಳೆದು ಹೋದ ಮೇಲೆ, ಈಗ ಎದ್ದು ಬಂದು ಹಬ್ಬದ ಊಟಕ್ಕೆ ಕೂತುಕೊಳ್ಳಲಾ? ಮರ್ಯಾದೆ ಉಂಟಾ? ಒಂದು ವರ್ಷದಿಂದ ಪೇಟೆಯಲ್ಲಿ ಸಿಕ್ಕಿದವರೆಲ್ಲ ನಿಲ್ಲಿಸಿ ಕೇಳ್ತಾರೆ, ಯಜಮಾನರೇ, ನಿಮ್ಮನ್ನು ಕೊಂದವ ಯಾರು ಅಂತ. ಅವರಿಗೆಲ್ಲ ಎಂತ ಹೇಳಲಿ, ಯಾರೂ ಕೊಲ್ಲಲಿಲ್ಲ, ನಾನೇ ಅಟ್ಟದಲ್ಲಿ ಅಡಗಿ ಕೂತಿದ್ದೆ ಅಂತಲಾ?"

ಮತ್ತೆ ಪ್ರೆಸ್ಸಿನವರ ಕಡೆ ತಿರುಗಿ, "ಪುಸ್ತಕ ಆಗಲಿ. ಆದರೆ ನಾನು ಸತ್ತ ಮೇಲೆ" ಅಂದರು. ಪ್ರೆಸ್ಸಿನವರು ಕೈ ಮುಗಿದು, ಕಂತು ತಿದ್ದಿ ಬಂದರೆ ನಾಳೆಯಿಂದಲೇ ಪುಸ್ತಕದ ಕೆಲಸ ಅಂದರು.

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅಮ್ಮನ ಕಣ್ಣೀರು ನೆನಪಾಗಿ, "ಸರಿ ಮಾವ, ಸಾಯಿಸುವ. ಆದರೆ ಕೊಂದದ್ದು ಅಳಿಯ ಬೇಡ. ಯಾರಾದರೂ ಕಳ್ಳ, ದಾರಿಹೋಕ ಅಂತ ಬರೆಯುತ್ತೇನೆ" ಅಂದೆ.

ಮಾವ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅಷ್ಟು ನೊಂದ ಮುಖ ನಾನು ಅವರದ್ದು ಎಂದೂ ಕಂಡದ್ದಿಲ್ಲ.

"ಮನೆಯಲ್ಲಿ ನೀನು ಇರುವಾಗ ಹೊರಗಿನವರ ಕೈಯಲ್ಲಿ ಸಾಯಲು ನಾನೆಂತ ದಿಕ್ಕಿಲ್ಲದವನಾ?"