ಅಂದಾನಪ್ಪ ಸರ್ ಶಿಷ್ಯರ ಗಿರ್ಮಿಟ್ ಸಮರ

ವೈಶಾಖದ ಸೋಮವಾರ ನಾನು ಪೂಜೆಯಿಂದ ಏಳುವ ಹೊತ್ತಿಗೆ ಗೆಳೆಯ ಅಂದಾನಪ್ಪ ಸರ್ ಲಿಂಗೈಕ್ಯರಾದ ಸುದ್ದಿ ಬಂದಿತು. ವಿಭೂತಿಯ ಕೈ ಹಾಗೆಯೇ ನಿಂತಿತು. ಹೇ ವಾಗ್ದೇವಿ, ಕಣ್ಣೊರೆಸಿಕೊಂಡು ಬೇಡುತ್ತೇನೆ: ಪದವೀಧರರು ಬೀದಿಬೀದಿಗೂ ತುಂಬಿದ ಈ ಕಲಿಯುಗದಲ್ಲಿ, ಗದಗಿನ ನಮ್ಮ ಕಾಲೇಜಿನೊಳಗೆ ಉದ್ಯಮಶೀಲತೆ ಮತ್ತು ನಾಯಕತ್ವವೆಂಬ ಮಹಾವಿದ್ಯೆಯನ್ನು ಬೋಧಿಸಿದ, ಸೀಮೆಸುಣ್ಣದ ಧೂಳೇ ಭಸ್ಮವಾಗಿದ್ದ ಆ ಗುರುವರೇಣ್ಯನ ಸಮರವನ್ನು ನನ್ನ ಬಾಯಿಂದ ಹೇಳಿಸು.

ಆ ವರ್ಷ ಪ್ರಾಚಾರ್ಯರ ಆಣತಿ ಕಠೋರವಾಗಿತ್ತು. ಶಿಷ್ಯರು ಅಂಗಳದಲ್ಲಿ ಅಂಗಡಿ ಹೂಡಬೇಕು. ಮಧ್ಯಾಹ್ನದ ಗಂಟೆಯೊಳಗೆ ಸರಕು ತೀರದಿದ್ದರೆ ಮುಂದಿನ ವರ್ಷದಿಂದ ಆ ಪಾಠವೇ ರದ್ದು.

ಶಿಷ್ಯರು ಆರಿಸಿದ್ದು ಗಿರ್ಮಿಟ್; ಅದು ಗಿರಾಕಿ ಎದುರು ನಿಂತ ಮೇಲೆ ಚುರುಮುರಿಗೆ ಒಗ್ಗರಣೆ ಬೆರೆಸಿ ಕಲಸುವ ವಸ್ತು. ತಡವಾದರೆ ಚುರುಮುರಿ ನೆನೆದು ಮುದ್ದೆಯಾಗುತ್ತದೆ. ಆದರೆ ಪೂರ್ವಸಿದ್ಧತೆಯೇ ನಾಯಕಲಕ್ಷಣವೆಂದು ಓದಿದ್ದ ಆ ವೀರರು ದೊಡ್ಡ ಬುಟ್ಟಿಯ ತುಂಬ ಮೊದಲೇ ಕಲಸಿಟ್ಟರು. ಬಳಿಕ, ಉದ್ಘಾಟನೆಯ ಭಾಷಣ ಮಾಡುವ ನಾಯಕ ಯಾರೆಂಬ ಪ್ರಶ್ನೆಯೆದ್ದು ದಿಕ್ಕುಗಳು ನಡುಗಿದವು.

ಸೌಟನ್ನೇ ಗದೆಯಂತೆ ಎತ್ತಿ, ಅರಿಭಯಂಕರಿಯಾದ ದಾನೇಶ್ವರಿ ಗರ್ಜಿಸಿದಳು: "ಈ ಸೌಟು ನನ್ನ ಕೈಯಾಗ ಇರೋತನಕ ಈ ಬುಟ್ಟಿ ಮುಂದ ಇನ್ನೊಬ್ಬ ನಾಯಕ ಹುಟ್ಟಂಗಿಲ್ಲ."

ವಾಗ್ಯುದ್ಧಧುರಂಧರನಾದ ಕಳಕಪ್ಪ ಎದೆಯುಬ್ಬಿಸಿದ: "ಗಿರ್ಮಿಟ್ ಮಾರೋ ವಿಚಾರ ಹುಟ್ಟಿದ್ದ ನನ್ನ ತಲ್ಯಾಗ."

"ನಿಮ್ಮಜ್ಜ ಹುಟ್ಟೂಕಿಂತ ಮೊದ್ಲ ಗಿರ್ಮಿಟ್ ಮಾರತಿದ್ರು, ಸುಮ್ನಿರೋ," ಎಂದಳು ದಾನೇಶ್ವರಿ.

ಉಳಿದವರೂ ಕೈಯೆತ್ತಿ ತಾವೇ ನಾಯಕರೆಂದರು. ಅವರ ತಪ್ಪೇನು? 'ನೀನು ಹುಟ್ಟುನಾಯಕ' ಎಂದು ಗುರುಗಳು ಒಬ್ಬೊಬ್ಬರನ್ನೂ ಪ್ರತ್ಯೇಕ ಕರೆದು ಹೇಳಿದ್ದರು. ಸೇನೆಯ ತುಂಬ ಸೇನಾಪತಿಗಳೇ. ತಟ್ಟೆ ಹಿಡಿಯುವ ಕಾಲಾಳು ಒಬ್ಬನೂ ಇಲ್ಲ. ಸೂರ್ಯ ನೆತ್ತಿಗೇರಿದ. ಬುಟ್ಟಿಯೊಳಗಿನ ಗಿರ್ಮಿಟ್ ಕುಸಿಯಿತು. ಬಂದ ಗಿರಾಕಿಗಳು ಮೂಸಿ ನೋಡಿ ಹೊರಟರು.

ಆಗ ಅಂದಾನಪ್ಪ ಸರ್ ಬಂದು ತಟ್ಟೆ ಒಡ್ಡಿದರು.

"ಮೆತ್ತಗಾಗೈತ್ರೀ ಸರ," ಎಂದಳು ದಾನೇಶ್ವರಿ, ತಲೆ ತಗ್ಗಿಸಿ.

"ನನ್ನ ಹಲ್ಲಿಗೆ ಇದ ಚಲೋ. ಹಾಕವಾ." ನಿಧಾನವಾಗಿ ಮೆದ್ದು ಕೇಳಿದರು: "ನನ್ನಂಥಾ ಹಲ್ಲಿನವರು ಇನ್ನೆಲ್ಲಿ ಅದಾರ?"

ಅಂದು ಪಕ್ಕದ ಸಭಾಭವನದಲ್ಲಿ ನಿವೃತ್ತ ನೌಕರರ ಸಭೆ ನಡೆದಿತ್ತು. ಕಳಕಪ್ಪ ದಾನೇಶ್ವರಿಯ ಮುಖ ನೋಡಿದ. ಬುಟ್ಟಿಯ ಒಂದೊಂದು ಕಿವಿ ಹಿಡಿದು ಇಬ್ಬರೂ ಓಡಿದರು.

"ಅಜ್ಜಾರ, ಕಡಿಯೂ ಕೆಲಸಿಲ್ಲದ ಗಿರ್ಮಿಟ್ ರೀ!"

ದಂತಹೀನರೂ ಕೃತಕದಂತಶೋಭಿತರೂ ಆದ ಆ ಮಹಾಸೇನೆ ಬುಟ್ಟಿಯ ಮೇಲೆರಗಿತು. ಆ ಸಭೆಗೆ ಬಂದಿದ್ದ ನಾನೂ ಎರಡು ತಟ್ಟೆ ತಿಂದೆ. ಗಂಟೆ ಬಾರಿಸುವ ಮುನ್ನ ಬುಟ್ಟಿಯ ತಳ ಕಂಡಿತು, ಪಾಠ ಉಳಿಯಿತು. ಆ ಜಗದ್ವಿಖ್ಯಾತ ವಿಜಯವೆಂದರೆ ಇಷ್ಟೇ: ಒಂದು ಬುಟ್ಟಿ ನೆನೆದ ಚುರುಮುರಿಯನ್ನು ಮುದುಕರು ತಿಂದರು. ಸಂಜೆ ನನಗೆ ಹೊಟ್ಟೆಯುಬ್ಬರವೂ ಆಯಿತು.

ಪರಶಿವನೇ, ಮಕ್ಕಳ ಸೋಲನ್ನು ಎಂದೂ ಸೋಲೆನ್ನದ ಆ ಗೆಳೆಯನನ್ನು ನಿನ್ನ ಪಾದದಲ್ಲಿ ಇರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು.